ಹುಲಿಗಿಯ ನಿಂತ ಫೋಟೋ

ಕೊರೊನಾದ ಆ ದಿನಗಳನ್ನು ನೆನೆಸಿಕೊಂಡು ನನ್ನ ವಾರಿಗೆಯವರು ಈಗ ನಗುತ್ತಾರೆ. ಶಾಲೆಗೆ ಬೀಗ ಬಿದ್ದದ್ದು, ಲಾಠಿಗೆ ಹೆದರಿ ಗಂಡಸರು ಕಾಲುವೆ ದಂಡೆಗುಂಟ ಓಡಿದ್ದು, ಅರಿಶಿಣ, ಮೆಣಸು ಹಾಕಿ ಕುದಿಸಿದ ಕಷಾಯವನ್ನು ಮೂಗು ಹಿಡಿದು ಕುಡಿದದ್ದು, ಎಲ್ಲವೂ ಈಗ ಕಥೆ. ನಿಮ್ಮ ಮನೆಯಲ್ಲೂ ಇಂಥವು ಇರುತ್ತವೆ. ನಾನೂ ಅವರ ಜೊತೆ ಸ್ವಲ್ಪ ಹೊತ್ತು ನಗುತ್ತೇನೆ. ಆಮೇಲೆ ಹುಲಿಗಿಯ ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಆಗ ನಮಗೆ ಹದಿನೈದು, ಹತ್ತನೆಯ ತರಗತಿ. ಹದಿನೈದು ವರ್ಷದವಳ ನೆನಪು ಬಾಲ್ಯದ ನೆನಪು ಹೇಗಾಯಿತು ಎಂದು ಕೇಳುವವರಿದ್ದಾರೆ. ಹಾಗೆ ಕೇಳುವವರು ನಮ್ಮೂರಲ್ಲಿ ಆಗಲೂ ಇದ್ದರು. ಅದೇ ನಮ್ಮ ಗ್ರಹಚಾರ.

ಬಳಗಾನೂರಿನಲ್ಲಿ ಬಸ್ಸಿಳಿದು ಕಾಲುವೆ ದಂಡೆ ಹಿಡಿದು ನಡೆದರೆ ನಮ್ಮ ಊರು. ಆ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟದ್ದೇ ತಡ, ಗದ್ದೆಗಳೆಲ್ಲ ಕೆಸರಾಗಿ ಊರಿಗೆ ಊರೇ ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಶಾಲೆಯಿಲ್ಲದ ಹುಡುಗಿಯರು ಮನೆಯಲ್ಲಿ ಸುಮ್ಮನೆ ಕೂತರೆ ಕೆಡುತ್ತಾರೆಂದು ನಮ್ಮನ್ನು ಭತ್ತದ ನಾಟಿಗೆ ಕಳಿಸಿದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಸಂಜೆ ಬರುವಾಗ ನಡ ನೆಟ್ಟಗಾಗುತ್ತಿರಲಿಲ್ಲ. ಆದರೂ ಗುಡಿಯ ಕಟ್ಟೆಯ ಮುಂದೆ ಇದ್ದಿಲಿನಿಂದ ಗೆರೆ ಹಾಕಿ ಕುಂಟಾಟ ಆಡದೆ ನಾವು ಮನೆ ಸೇರಿದವರಲ್ಲ. ಕುಂಟಾಟದಲ್ಲಿ ಹುಲಿಗಿಯನ್ನು ಸೋಲಿಸಿದವರಿಲ್ಲ. ಹುಲಿಗಿ ಎಂದರೆ ಹುಲಿಗೆಮ್ಮ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಅಮರೇಶ ಮಾಮಾನ ಮಗಳು. ಗಣಿತ ಒಂದು ಬಿಟ್ಟರೆ ಉಳಿದೆಲ್ಲದರಲ್ಲೂ ನನಗಿಂತ ಮುಂದಿದ್ದಳು. ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು, ಅದಕ್ಕೆ ಮೊದಲು ಹತ್ತನೆಯದು ಪಾಸಾಗಬೇಕಿತ್ತು.

ಪಾಠ ಮೊಬೈಲಿನಲ್ಲಿ ಬರುತ್ತಿತ್ತು. ಮನೆಗೊಂದು ಮೊಬೈಲು, ಅದು ಮನೆಯ ಗಂಡುಮಗನ ಕೈಯಲ್ಲಿ. ನನ್ನ ತಮ್ಮ ಎಂಟನೆಯ ತರಗತಿಯ ಪಾಠ ಕೇಳುತ್ತೇನೆಂದು ಕದ ಹಾಕಿಕೊಂಡು ಬಂದೂಕಿನ ಆಟ ಆಡುತ್ತಿದ್ದ. ಗುಂಡಿನ ಸದ್ದು ಹೊರಗೆ ನನಗೂ ಕೇಳುತ್ತಿತ್ತು, ಅವ್ವನಿಗೂ ಕೇಳುತ್ತಿತ್ತು. “ಹುಡುಗ ಓದಾಕತ್ತಾನ, ಸಪ್ಪಳ ಮಾಡಬ್ಯಾಡ್ರಿ” ಎಂದು ಅವ್ವ ಪಾತ್ರೆ ತಿಕ್ಕುತ್ತಿದ್ದ ನನ್ನನ್ನೇ ಗದರುತ್ತಿದ್ದಳು.

ಅಂಥ ದಿನಗಳಲ್ಲಿ ವೀಣಾ ಮೇಡಂ ಬಂದರು. ಧಾರವಾಡದವರು. ಲಿಂಗಸುಗೂರಿನಲ್ಲಿ ಬಾಡಿಗೆ ಮನೆ ಹಿಡಿದು ಹಳ್ಳಿ ಹುಡುಗಿಯರಿಗೆ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಸ್ಕೂಟಿಯಿಂದ ಚೀಲ ಇಳಿಸಿ, ಸಣ್ಣ ಸಣ್ಣ ಕ್ಯಾಮೆರಾಗಳನ್ನು ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಬ್ಬರೂ ಮುಟ್ಟಲಿಲ್ಲ. ಕೆಟ್ಟರೆ ಮನೆಯಲ್ಲಿ ಬೆನ್ನು ಮುರಿಯುತ್ತಾರೆಂಬ ಅಂಜಿಕೆ.

“ಕೆಟ್ರ ರಿಪೇರಿ ಮಾಡ್ಸೋಣ. ಕೈಯಾಗ ಹಿಡೀರಿ ಮೊದಲ,” ಎಂದರು ಮೇಡಂ.

“ಏನ್ ತಗೀಬೇಕ್ರೀ?” ಹುಲಿಗಿ ಕೇಳಿದಳು.

“ನೀವು ದಿನಾ ಏನ್ ಮಾಡ್ತೀರಿ, ಅದನ್ನ. ಕೊರೊನಾದಾಗ ಹುಡುಗ್ಯಾರು ಏನ್ ಮಾಡ್ತಿದ್ರು ಅಂತ ಮುಂದ ಯಾರರೆ ಕೇಳಿದ್ರ ನಿಮ್ಮ ಹತ್ರ ಉತ್ತರ ಇರಬೇಕು.”

ನಮ್ಮ ದಿನಚರಿಯನ್ನೂ ಯಾರೋ ಕೇಳುತ್ತಾರೆಂಬುದು ನಮಗೆ ಹೊಸ ಸುದ್ದಿ. ಕ್ಯಾಮೆರಾವನ್ನು ಸರದಿ ಹಚ್ಚಿ ಮನೆಗೆ ಒಯ್ಯುತ್ತಿದ್ದೆವು. ದಿನವೆಲ್ಲ ಕೆಸರಲ್ಲಿ ನಿಂತು ಬೆಳ್ಳಗೆ ನೆರಿಗೆಗಟ್ಟಿದ ಅವ್ವನ ಪಾದಗಳನ್ನು ನಾನು ತೆಗೆದೆ. ಎದೆಯ ಮೇಲೆ ಮೊಬೈಲು ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ ತಮ್ಮನನ್ನೂ ತೆಗೆದೆ. ಅಪ್ಪ ಅದನ್ನು ನೋಡಿ, “ಮನೀ ಮರ್ಯಾದಿ ಹೊರಗ ಹಾಕ್ತೀ ಏನು?” ಎಂದ. ಮರ್ಯಾದೆ ಹೋದದ್ದು ತಮ್ಮ ಮಲಗಿದ್ದರಿಂದಲ್ಲ, ನಾನು ಫೋಟೋ ತೆಗೆದದ್ದರಿಂದ. ಹುಲಿಗಿ ಮಾತ್ರ ಎಲ್ಲರಿಗಿಂತ ಚಂದದ ಫೋಟೋ ತೆಗೆದಳು. ಬೀಗ ಬಿದ್ದ ಶಾಲೆಯ ಗೇಟಿಗೆ ಯಾರೋ ಎಮ್ಮೆ ಕಟ್ಟಿದ್ದರು. ಎಮ್ಮೆ ಕ್ಯಾಮೆರಾವನ್ನೇ ನೋಡುತ್ತಿತ್ತು, ಹಿಂದೆ ಶಾಲೆಯ ಬೋರ್ಡು. ಮೇಡಂ ಅದನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದರು.

ನಾಟಿ ಮುಗಿದ ಮೇಲೆ ಒಬ್ಬರನ್ನೊಬ್ಬರು ತೆಗೆಯುವ ಪಾಠ ಬಂತು. ಬಾಗಿಲ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ, ಹೊಸ್ತಿಲಲ್ಲಿ ನಿಲ್ಲಿಸಿ ತೆಗೆಯಿರಿ ಎಂದರು ಮೇಡಂ. ಹುಲಿಗಿ ತಲೆ ತೊಳೆದು, ಹಬ್ಬಕ್ಕೆ ಹೊಲಿಸಿದ ಹಸಿರು ಲಂಗ ಹಾಕಿ, ಕನಕಾಂಬರ ಮುಡಿದು ಬಂದಳು. ನಾನು ಅವಳನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಕಾಲ್ಗೆಜ್ಜೆಯೂ ಕಾಣುವ ಹಾಗೆ ತೆಗೆದೆ. ಬಹಳ ಚೆನ್ನಾಗಿ ಬಂತು. ಮೇಡಂ ಸಿಂಧನೂರಿನಲ್ಲಿ ಪ್ರಿಂಟ್ ಹಾಕಿಸಿ ಅವರವರ ಫೋಟೋ ಅವರವರಿಗೇ ಕೊಟ್ಟರು. ಹುಲಿಗಿ ತನ್ನದನ್ನು ಮನೆಯ ಕನ್ನಡಿಯ ಪಕ್ಕ ಅಂಟಿಸಿದಳು.

ನಮ್ಮ ಕಡೆ ಒಂದು ಪದ್ಧತಿಯಿದೆ. ಹುಡುಗಿಯೊಬ್ಬಳೇ, ಒಳ್ಳೆಯ ಬಟ್ಟೆ ಹಾಕಿಕೊಂಡು, ನೆತ್ತಿಯಿಂದ ಪಾದದವರೆಗೆ ಕಾಣುವಂತೆ ನಿಂತ ಫೋಟೋಕ್ಕೆ ಒಂದೇ ಅರ್ಥ, ಮನೆಯವರು ವರ ನೋಡುತ್ತಿದ್ದಾರೆ. ಗುಂಪಿನಲ್ಲಿದ್ದರೆ ಅಡ್ಡಿಯಿಲ್ಲ, ಕೂತಿದ್ದರೂ ಅಡ್ಡಿಯಿಲ್ಲ. ಎತ್ತರ ಎಷ್ಟು, ಕಾಲು ನೆಟ್ಟಗಿವೆಯೋ ಇಲ್ಲವೋ ಎಂದು ದನದ ಸಂತೆಯಲ್ಲಿ ನೋಡುವ ಹಾಗೆ ನೋಡಲು ನಿಂತ ಫೋಟೋವೇ ಬೇಕು. ಧಾರವಾಡದ ಮೇಡಂಗೆ ಇದು ಗೊತ್ತಿರಲಿಲ್ಲ. ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಒಬ್ಬರಾದರೂ ಬಾಯಿ ಬಿಡಲಿಲ್ಲ.

ದಸರೆಯಾದ ಮೇಲೆ ಮುದಗಲ್ಲಿನಿಂದ ಅಮರೇಶ ಮಾಮಾನ ಅಕ್ಕ ಬಂದಳು. ಹುಲಿಗಿಗೆ ಸೋದರತ್ತೆ. ನಾನು ಆಗ ಹುಲಿಗಿಯ ಜೊತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕೈಕಾಲು ತೊಳೆದು ಒಳಗೆ ಬಂದವಳು ಕನ್ನಡಿಯ ಮುಂದೆ ನಿಂತಳು, ಫೋಟೋ ನೋಡಿದಳು. ಊಟಕ್ಕೆ ಹಾಕಿದ ತಾಟಿನ ಮುಂದೆ ಕೂರಲೇ ಇಲ್ಲ.

“ಏನಪಾ ಅಮರೇಶ, ಹೊರಗಿನವ್ರಿಗೆ ತೋರ್ಸಾಕ ಹುಡುಗೀದು ಫೋಟೋ ತೆಗ್ಸೀದಿ. ನನ್ನ ಮಗ ನಿನ್ನ ಕಣ್ಣಿಗೆ ಕಾಣಲಿಲ್ಲ?”

“ಅಯ್ಯ ಅಕ್ಕಾ, ಅದಕ್ಕಲ್ಲಬೇ. ಅದು ಸಾಲಿ ಹುಡುಗ್ಯಾರಿಗೆ ಮೇಡಂ ಒಬ್ರು…”

“ನನಗ ಹೇಳಬ್ಯಾಡ. ನಿಂತ ಫೋಟೋ ಯಾಕ ತೆಗೀತಾರಂತ ನನಗ ಗೊತ್ತಿಲ್ಲೇನು? ತವರಾಗ ನನಗ ಇಷ್ಟ ಕಿಮ್ಮತ್ತು. ಈ ಮನ್ಯಾಗ ಇನ್ನ ನೀರು ಸೈತ ಮುಟ್ಟಂಗಿಲ್ಲ.”

ಅಕ್ಕನ ಮಗನಿಗೆ ಮೊದಲು ಕೇಳಬೇಕು, ಅವನು ಬೇಡವೆಂದರೆ ಹೊರಗೆ ನೋಡಬೇಕು, ಅದು ನಮ್ಮ ಕಡೆಯ ಲೆಕ್ಕ. ಆ ಮಗ ಜೆಸಿಬಿ ಓಡಿಸುತ್ತಿದ್ದ, ಹುಲಿಗಿಗಿಂತ ಬಹಳ ದೊಡ್ಡವನು. ಅತ್ತೆ ಅಳುತ್ತ ಚೀಲ ಎತ್ತಿಕೊಂಡು ಹೊಸ್ತಿಲ ತನಕ ಹೋದಳು. ಮಾಮಾ ಚೀಲ ಹಿಡಿದುಕೊಂಡ. “ಹೋಗಬ್ಯಾಡಬೇ. ನಿನ್ನ ಮಗಗೇ ಕೊಟ್ಟೆ ತಗೋ. ಬಾ, ಉಣ್ಣು,” ಎಂದ.

ಅತ್ತೆ ಉಂಡಳು. ಬಿಸಿ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಬಡಿಸಿದವಳು ಹುಲಿಗಿಯೇ. ಮುನಿಸಿಕೊಂಡ ಒಬ್ಬ ಹೆಂಗಸಿನ ಒಂದು ಊಟಕ್ಕೆ ನನ್ನ ಗೆಳತಿಯ ಬಾಳು ಹೋಯಿತು.

ಮೇಡಂ ಓಡಿ ಬಂದು ತಪ್ಪು ತಿಳಿವಳಿಕೆಯಾಗಿದೆ ಎಂದು ಎಷ್ಟು ಹೇಳಿದರು. ಅಮರೇಶ ಮಾಮಾ ಅವರಿಗೆ ಚಹಾ ಕೊಟ್ಟು, ಮೆತ್ತಗೆ, “ಅದು ನನಗ ಗೊತ್ತೈತ್ರೀ ಮೇಡಂ. ಆದ್ರ ನಮ್ಮಕ್ಕಗ ಯಾರು ಹೇಳ್ಬೇಕು? ಮಾತು ಕೊಟ್ಟಾಗೇತಿ,” ಎಂದ. ಅವನಿಗೆ ಗೊತ್ತಿತ್ತು. ತಿಳಿಯದೆ ಮಾಡಿದವನನ್ನು ನಾನು ಎಂದಾದರೂ ಕ್ಷಮಿಸಿಯೇನು. ಗೊತ್ತಿದ್ದೂ, ಅಕ್ಕನ ಮುಖ ಸಣ್ಣದಾಗಬಾರದೆಂದು ಮಗಳನ್ನು ಕೊಟ್ಟವನನ್ನು ಏನು ಮಾಡಲಿ?

ಹುಲಿಗಿ ಸುಮ್ಮನಿರಲಿಲ್ಲ. “ಅಪ್ಪಾ, ನಾ ಸಾಲಿ ಕಲೀತೀನಿ. ಹತ್ತನೇದು ಒಂದು ಮುಗಸ್ತೀನಿ,” ಎಂದಳು.

“ಸಾಲಿ ಎಲ್ಲೈತಿಬೇ? ಬೀಗ ಹಾಕ್ಯಾರಲ್ಲ. ತೆಗೆದ್ರೂ ನೀ ಗಣಿತದಾಗ ಫೇಲ್ ಆಗಾಕೀನ. ಫೇಲಾಗಿ ಮನ್ಯಾಗ ಕೂಡೂದಕಿಂತ ಇದು ಚಲೋ.”

ಮಂದಿ ಕೂಡಬಾರದೆಂಬ ಸರ್ಕಾರದ ನಿಯಮ ಆ ವರ್ಷ ಹೆಣ್ಣು ಹೆತ್ತವರಿಗೆಲ್ಲ ಹಬ್ಬವಾಗಿತ್ತು. ಊರೂಟವಿಲ್ಲ, ಬ್ಯಾಂಡಿಲ್ಲ, ಕರೆಯಲಿಲ್ಲವೆಂದು ಬೇಸರಪಡುವವರಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ನಮ್ಮ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಹಾಗೆಯೇ ಹೋದರು. ಮೇಡಂ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ್ದರಿಂದ ಮದುವೆಯ ಹಿಂದಿನ ದಿನ ಮಾಸ್ಕು ಹಾಕಿಕೊಂಡ ಒಬ್ಬರು ವಿಚಾರಣೆಗೆ ಬಂದರು. ಅರಿಶಿಣ ಹಚ್ಚಿಸಿಕೊಂಡು ಕೂತಿದ್ದವಳನ್ನು ತೋರಿಸಿ, “ಹುಡುಗಿ ದೊಡ್ಡಾಕಿ ಆಗ್ಯಾಳ್ರೀ, ಆರತಿ ಮಾಡಾಕತ್ತೇವಿ” ಎಂದರು ಮನೆಯವರು. ಬಂದವರು ಬಾಗಿಲಲ್ಲೇ ನಿಂತು ಕೇಳಿ ಹೊರಟುಹೋದರು. ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು, ನಮ್ಮವ್ವನೂ ಇದ್ದಳು. “ಹೇಳಬೇ ಅವ್ವಾ” ಎಂದು ಅವಳ ಸೆರಗು ಜಗ್ಗಿದೆ. “ಇದ ಓಣ್ಯಾಗ ನಾವು ಬಾಳೇವು ಮಾಡಬೇಕು, ಬಾಯಿ ಮುಚ್ಚು,” ಎಂದಳು.

ಸ್ಟುಡಿಯೋದವರು ಸಿಗಲಿಲ್ಲವೆಂದು ಅಮರೇಶ ಮಾಮಾ ನನ್ನನ್ನೇ ಕರೆದ. “ಶರಣಿ, ನಿನ್ನ ಕ್ಯಾಮೆರಾ ತಗೊಂಡು ಬಾರಬೇ.” ಆಗ ಕ್ಯಾಮೆರಾ ನನ್ನ ಸರದಿಯಲ್ಲಿತ್ತು. ಒಯ್ಯಬಾರದೆಂದುಕೊಂಡಿದ್ದೆ. ಆದರೆ ತಲೆಗೆ ಹೂವಿನ ದಂಡೆ ಕಟ್ಟಿಸಿಕೊಳ್ಳುತ್ತ ಕೂತಿದ್ದ ಹುಲಿಗಿ ನನ್ನ ಕೈ ಹಿಡಿದು, “ನಂದು ಒಂದೂ ತಗೀಬ್ಯಾಡ. ಇವ್ರದು ತಗಿ. ಒಬ್ರನ್ನೂ ಬಿಡಬ್ಯಾಡ,” ಎಂದಳು.

ಬಿಡಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಅಕ್ಕಿಕಾಳು ಹಿಡಿದು ನಿಂತ ದೊಡ್ಡವರನ್ನು, ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದ ಅಯ್ಯನವರನ್ನು, ಹುಗ್ಗಿಗೆ ತುಪ್ಪ ಸಾಲದೆಂದು ಗೊಣಗುತ್ತಿದ್ದ ಬೀಗರನ್ನು, ನಗುತ್ತಿದ್ದ ಅತ್ತೆಯನ್ನು, ನಮ್ಮಪ್ಪನನ್ನು, ನಮ್ಮವ್ವನನ್ನು, ಎಲ್ಲರನ್ನೂ ತೆಗೆದೆ. ಬೆಳಕು ಸರಿಯಾಗಿ ಮುಖದ ಮೇಲೆ ಬೀಳುವ ಹಾಗೆ ನಿಂತು ತೆಗೆದೆ.

ಮುಂದಿನ ವಾರ ಪ್ರಿಂಟುಗಳನ್ನು ನೋಡಲು ಮಾಮಾ ನಮ್ಮ ಮನೆಗೆ ಬಂದ. ಒಂದೊಂದಾಗಿ ತಿರುವಿ ಹಾಕಿದ, ಮತ್ತೆ ಮೊದಲಿನಿಂದ ತಿರುವಿದ.

“ಹುಡುಗಿ ಎಲ್ಲಿಬೇ?”

“ನೀವ ಹೇಳ್ರಿ ಮಾಮಾ, ಎಲ್ಲಿ ಅದಾಳ?” ಎಂದೆ.

ಅಪ್ಪ ಕೆನ್ನೆಗೆ ಬಾರಿಸಿದ. ಮಾಮಾ ಫೋಟೋಗಳನ್ನು ಅಲ್ಲೇ ಬಿಟ್ಟು ಎದ್ದುಹೋದ. ಊರಿನ ಹಿರಿಯರು ಕೂಡಿ, ಹುಡುಗಿಯರ ಬಾಯಿ ಬೆಳೆಸುವ ಕ್ಲಾಸು ಬೇಡವೆಂದು ವೀಣಾ ಮೇಡಂ ಅವರನ್ನು ಬರದಂತೆ ಮಾಡಿದರು. ಮದುವೆ ಮಾಡಿದ ಪದ್ಧತಿಗೆ ಯಾರೂ ಏನೂ ಅನ್ನಲಿಲ್ಲ, ತಪ್ಪೆಲ್ಲ ಕ್ಯಾಮೆರಾದ್ದಾಯಿತು.

ಹೊಸ ವರ್ಷಕ್ಕೆ ಹತ್ತನೆಯವರಿಗೆ ಶಾಲೆ ತೆರೆಯಿತು. ಹುಲಿಗಿ ಗಂಡನ ಮನೆಗೆ ಹೋಗಿ ಸರಿಯಾಗಿ ತಿಂಗಳೂ ಆಗಿರಲಿಲ್ಲ. ಗೇಟಿನ ಬೀಗ ತೆಗೆದರು, ನಾವು ಕಸ ಗುಡಿಸಿ ಬೆಂಚು ಒರೆಸಿ ಕೂತೆವು. ಮತ್ತೆ ಕೊರೊನಾ ಏರಿ ಮತ್ತೆ ಮುಚ್ಚಿದರು. ಕೊನೆಗೆ ಮಳೆಗಾಲದಲ್ಲಿ ಎರಡೇ ದಿನದ ಪರೀಕ್ಷೆ ಇಟ್ಟರು. ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಕೂತು ಬರೆದವರು ನಮ್ಮ ಶಾಲೆಯಲ್ಲಿ ಒಬ್ಬರೂ ನಪಾಸಾಗಲಿಲ್ಲ. ಪುಸ್ತಕ ಮುಟ್ಟದೆ ವರ್ಷವಿಡೀ ಕಾಲುವೆಯಲ್ಲಿ ಈಜಿದವರೂ ಪಾಸು. ಊರಲ್ಲಿ ಪೇಡೆ ಹಂಚಿದರು. ನಾನು ತಿನ್ನಲಿಲ್ಲ.

ಈಗ ನಾನು ಸಿಂಧನೂರಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೇನೆ. ಬಾಲ್ಯದಲ್ಲಿ ನೀನು ಕಳೆದುಕೊಂಡದ್ದೇನು ಎಂದು ಕೇಳಿದರೆ ಕುಂಟಾಟ, ಕಾಲುವೆ, ಕೆಸರಿನ ವಾಸನೆ ಎಂದು ಹೇಳಲು ನನಗೂ ಬರುತ್ತದೆ. ಅವೇನೂ ಕಳೆದಿಲ್ಲ, ಊರಿಗೆ ಹೋದರೆ ಸಿಗುತ್ತವೆ. ಕಳೆದದ್ದು ಬೇರೆ. ಕಳೆದ ತಿಂಗಳು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಹುಲಿಗಿ ಸಿಕ್ಕಳು, ಕಂಕುಳಲ್ಲಿ ಒಂದು ಕೂಸು, ಕೈ ಹಿಡಿದು ಒಂದು. ಇಬ್ಬರೂ ಮಂಡಕ್ಕಿ ಒಗ್ಗರಣೆ ತಿಂದೆವು. ಊರಿನ ಸುದ್ದಿಯಾಯಿತು, ಮಕ್ಕಳ ಸುದ್ದಿಯಾಯಿತು.

“ನಮ್ಮೂರ ಅಂಗನವಾಡ್ಯಾಗ ಸಹಾಯಕಿ ಜಾಗ ಖಾಲಿ ಐತಿಬೇ,” ಎಂದಳು. “ಹುಡುಗ್ರಿಗೆ ಹಾಡು, ಆಟ ಕಲಿಸೂದು, ಉಣ್ಣಾಕ ಇಡೂದು. ನನಗ ಬರ್ತೈತಿ. ಆದ್ರ ಹತ್ತನೇದು ಪಾಸಾಗಿರಬೇಕಂತ.”

“ಈಗರೆ ಪರೀಕ್ಷೆ ಕಟ್ಟಬೇ, ಖಾಸಗಿಯಾಗಿ ಬರೀಬಹುದು,” ಎಂದೆ.

ಅವಳು ನಕ್ಕಳು. “ಅತ್ತಿ ಬಿಡಂಗಿಲ್ಲ.” ಮುದಗಲ್ ಬಸ್ಸು ಬಂತು. ದೊಡ್ಡದನ್ನು ಮೊದಲು ಹತ್ತಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು.

“ಶರಣಿ, ಆ ವರ್ಷ ಬರೆದಾರೆಲ್ಲ ಪಾಸಾದ್ರಂತ. ಖರೇ ಏನು?”

“ಖರೇ.”

“ಗಣಿತದಾಗೂ?”

“ಗಣಿತದಾಗೂ.”