ಮೊಟ್ಟೆ ಹೊತ್ತ ಗೆಂಡೆ

ಹುಚ್ಚೆಳ್ಳಿನ ಹಿಂಡಿ ನೆನೆದ ವಾಸನೆ ಬಂದರೆ ಇವತ್ತಿಗೂ ನನ್ನ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಮೊನ್ನೆ ಪಕ್ಕದ ಮನೆಯವರು ಎಮ್ಮೆಗೆ ಹಿಂಡಿ ನೆನೆಹಾಕಿದ್ದರು. ಗೋಡೆಯಾಚೆಯಿಂದ ಆ ಕಮಟು ಬಂದದ್ದೇ ತಡ, ಅಪ್ಪ ಜಗುಲಿಯ ಮೇಲೆ ಕೂತು ರಾಗಿಹಿಟ್ಟು, ಹಿಂಡಿ, ಚೂರು ಬೆಲ್ಲ ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುತ್ತಿದ್ದದ್ದು ಕಣ್ಣಮುಂದೆ ಬಂತು. ಗಾಳಕ್ಕೆ ಸಿಕ್ಕಿಸುವ ಉಂಡೆ ಅದು. ನಾವು ಬೆಸ್ತರು. ಹೊಸದುರ್ಗದ ಕಡೆಯ ನಮ್ಮ ಊರು, ಆ ಜಗುಲಿ, ಊರಮುಂದಿನ ಕೆರೆ, ಮೂರೂ ಈಗ ಮಾರಿಕಣಿವೆಯ ಹಿನ್ನೀರಿನ ಅಡಿಯಲ್ಲಿವೆ. ಕೆರೆ ನೀರಲ್ಲಿ ಮುಳುಗಿಹೋಯಿತು ಅಂದರೆ ಮೊಮ್ಮಕ್ಕಳು ನಗುತ್ತಾರೆ. ಊರು ಕಳೆದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ನಗಲಾರಿರಿ.

ಕೆರೆ ಚಿಕ್ಕದು. ಈ ದಡದಲ್ಲಿ ಕೂಗಿದರೆ ಆ ದಡದಲ್ಲಿ ಓಗೊಡಬಹುದಿತ್ತು. ಆದರೆ ಊರಿನ ಸಂಸಾರವೆಲ್ಲ ಅಲ್ಲೇ ನಡೆಯುತ್ತಿತ್ತು. ಒಂದು ಮೂಲೆಯಲ್ಲಿ ಕೊಡ ತುಂಬುವವರು, ಇನ್ನೊಂದು ಮೂಲೆಯಲ್ಲಿ ಬಿದ್ದುಕೊಂಡ ಎಮ್ಮೆಗಳು, ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಲು ಬಂದ ಕುರುಬರು, ಕಲ್ಲಿಗೆ ಬಟ್ಟೆ ಬಡಿಯುವ ಅಗಸರ ತಿಮ್ಮಕ್ಕ, ಇವರೆಲ್ಲರ ನಡುವೆ ನೀರಿಗೆ ಧುಮುಕುವ ಹುಡುಗರು. ಈ ಗಲಾಟೆಯ ಕೆಳಗೆ ಮೊಳಕ್ಕಿಂತ ಉದ್ದದ ಗೆಂಡೆ ಮೀನುಗಳಿದ್ದವು. ತಳದ ತುಂಬ ಜಾಲಿಯ ಮೋಟುಗಳಿದ್ದುದರಿಂದ ಬಲೆ ಹಾಕಿದರೆ ಹರಿದೇ ಬರುತ್ತಿತ್ತು. ದೊಡ್ಡ ಗೆಂಡೆ ಬೇಕೆಂದರೆ ಗಾಳವೇ ಗತಿ, ಗಾಳವೆಂದರೆ ನಮ್ಮಪ್ಪನೇ ಗತಿ. ಹಾಗೆಂದು ಅಪ್ಪನೇ ಹೇಳಿಕೊಳ್ಳುತ್ತಿದ್ದ.

ನನಗಾಗ ಒಂಬತ್ತೋ ಹತ್ತೋ. ಮುಂಗಾರಿಗೆ ಕೆರೆಗೆ ಹೊಸನೀರು ಬಂದಿತ್ತು. ಅಕ್ಕ ಹೊನ್ನಮ್ಮ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಹಿಂದಿನ ಎರಡು ಕೂಸುಗಳು ಹುಟ್ಟುವಾಗಲೇ ಹೋಗಿದ್ದವು. ಈ ಸಲ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಮುದ್ದೆ ಕಂಡರೆ ಓಕರಿಕೆ, ಗಂಜಿ ಕುಡಿದರೆ ವಾಂತಿ. ಕೈಬಳೆ ಮೊಣಕೈವರೆಗೆ ಸರಿಯುತ್ತಿತ್ತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಹೀಗೇ ಆದರೆ ಹೆರುವ ಶಕ್ತಿ ಎಲ್ಲಿಂದ ಬರಬೇಕು ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತು. ನಮ್ಮವ್ವ ನನ್ನನ್ನು ಹೆತ್ತು ಒಂಬತ್ತನೇ ದಿನಕ್ಕೆ ಹೋದವಳು. ಅಪ್ಪ ಎದ್ದು ಹೊರಗೆ ಹೋದ. ಅವತ್ತು ಸಂಜೆ ಅಕ್ಕ ತಾನಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ನಮ್ಮ ಕೆರೆಯ ದೊಡ್ಡ ಗೆಂಡೆಯ ಹುಳಿಸಾರು.

ಕೇಳಿದ್ದೇನೋ ಸಣ್ಣದು. ಆದರೆ ಹೊಸನೀರಿನ ಕಾಲದಲ್ಲಿ ದೊಡ್ಡ ಗೆಂಡೆಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ. ಮನೆಯಲ್ಲಿ ಬಸುರಿ ಇರುವಾಗ ಅಂಥ ಮೀನು ಸಿಕ್ಕರೆ ಕೈಮುಗಿದು ನೀರಿಗೆ ಬಿಡಬೇಕು, ಕೊಂದರೆ ಮನೆಯ ಕೂಸಿಗೆ ಕೇಡು ಎಂಬುದು ನಮ್ಮ ಮನೆತನದ ಕಟ್ಟಳೆ. ಅಪ್ಪ ಗಾಳ ಎತ್ತಿಕೊಂಡಾಗೊಮ್ಮೆ, ಚಪ್ಪಲಿ ಮೆಟ್ಟಿದಾಗೊಮ್ಮೆ ಅಜ್ಜಿ ಇದನ್ನು ನೆನಪಿಸಿದಳು. ನೆನಪಿಸುವುದೇ ಬೇಕಿರಲಿಲ್ಲ. ಇಂಥದ್ದರಲ್ಲಿ ಅಪ್ಪ ಅಜ್ಜಿಗಿಂತ ಒಂದು ಕೈ ಮೇಲು, ಗಂಗಮ್ಮನಿಗೆ ಕೈಮುಗಿಯದೆ ನೀರಿಗೆ ಕಾಲಿಟ್ಟವನಲ್ಲ.

ಸದ್ದು ಮಾಡಬೇಡಿ ಎಂದು ಅಪ್ಪ ಊರವರನ್ನೆಲ್ಲ ಬೇಡಿಕೊಂಡ. ಅಕ್ಕನ ಮೇಲಿನ ಮರುಕಕ್ಕೆ ಎಲ್ಲರೂ ಒಪ್ಪಿದರು. ಕುರಿ, ಎಮ್ಮೆಗಳು ಹಳ್ಳಕ್ಕೆ ಹೋದವು, ಹುಡುಗರಿಗೆ ಗದರಿದರು, ತಿಮ್ಮಕ್ಕ ಮೈಲಿಗೆಬಟ್ಟೆಯ ಗಂಟು ಹಾಗೇ ಇಟ್ಟಳು. ಆ ಕೆರೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ನನಗೆ ಯಾಕೋ ಭಯವಾಯಿತು. ಮೂರು ದಿನ ಅಪ್ಪ ಕೂತ. ನೀರ ಮೇಲೆ ತೇಲುತ್ತಿದ್ದ ಗಾಳದ ಬೆಂಡು ಅಲುಗಲಿಲ್ಲ. ಮನೆಯಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ತಿಮ್ಮಕ್ಕ ಗಂಟು ಹೊತ್ತು ನೇರವಾಗಿ ಕಲ್ಲಿನ ಹತ್ತಿರ ಬಂದಳು.

“ಅಣ್ಣ, ಅವು ಗಂಜಿಬಟ್ಟೆ ತೊಳೆದ ನೀರು ಕುಡ್ಕಂಡು ಬೆಳೆದಿರೋ ಮೀನು. ನನ್ ಬಟ್ಟೆ ಸದ್ದು ಕೇಳಿದ್ರೇನೆ ಅವು ಉಣ್ಣಾಕೆ ಬರಾದು. ನೀನು ನೋಡಿದ್ರೆ ಊರಿಗೇ ಬಾಯಿ ಕಟ್ಟಿದೀಯ.”

ಅಪ್ಪನಿಗೆ ಅವಮಾನವಾಗಿರಬೇಕು. ಉಂಡೆ ಸಿಕ್ಕಿಸಿ ಗಾಳವನ್ನು ಅವಳ ಕಲ್ಲಿನ ಪಕ್ಕಕ್ಕೇ ಬಿಟ್ಟ. ಅವಳು ಹತ್ತಿಪ್ಪತ್ತು ಏಟು ಬಡಿಯುವಷ್ಟರಲ್ಲಿ ಬೆಂಡು ಕಾಣೆಯಾಯಿತು. ಸದ್ದು ಕೇಳಿ ಎಮ್ಮೆಗಳೂ ವಾಪಸು ಬಂದಿದ್ದವು. ದಾರ ಅವುಗಳ ಕಾಲಿಗೆ ಸುತ್ತಿಕೊಂಡರೆ ಮುಗಿಯಿತು ಎಂದು ನಾನು ಬಾಲ ಹಿಡಿದು ಎಳೆದು ಓಡಿಸಿದೆ. ಅಪ್ಪ ಎದೆಮಟ್ಟದ ನೀರಿಗಿಳಿದು, ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಕೊನೆಗೆ ಕೂಸನ್ನು ಎತ್ತುವ ಹಾಗೆ ಎರಡು ಕೈಯಲ್ಲಿ ಎತ್ತಿ ತಂದ. ತಿಮ್ಮಕ್ಕ ಕುಣಿದಾಡಿದಳು. ಅಪ್ಪ ಹೆಬ್ಬೆರಳಲ್ಲಿ ಅದರ ಹೊಟ್ಟೆ ಒತ್ತಿದ. ಅವನ ಮುಖ ಇಳಿದುಹೋದದ್ದು ನನಗೆ ಮಾತ್ರ ಕಂಡಿತು.

ಬಿಡುತ್ತಾನೆ ಅಂದುಕೊಂಡೆ. ನೀರಿನ ಕಡೆ ಎರಡು ಹೆಜ್ಜೆ ಇಟ್ಟ. ನಿಂತ. ಮನೆಯ ಕಡೆ ನೋಡಿದ. ಆಮೇಲೆ ಮೀನನ್ನು ಪಂಚೆಯಲ್ಲಿ ಸುತ್ತಿಕೊಂಡು ಏರಿಯ ಹಿಂದಿನ ಹೊಂಗೆಮರದ ಮರೆಗೆ ಹೋದ. ನಾನು ಹಿಂದೆಯೇ ಹೋದೆ. ಕುಡುಗೋಲಿಂದ ಹೊಟ್ಟೆ ಸೀಳಿದಾಗ ಹಳದಿ ಮೊಟ್ಟೆ ಬೊಗಸೆಗಟ್ಟಲೆ ಸುರಿಯಿತು. ಅಪ್ಪ ಅದನ್ನೆಲ್ಲ ಒಂದೆಡೆ ಬಾಚಿದ. ಕುಳಿ ತೋಡು ಅಂದ. ತೋಡಿದೆ, ಮುಚ್ಚಿದೆ.

“ಯಾರಿಗೂ ಹೇಳ್ಬ್ಯಾಡ ಕಣವ್ವ. ಅಕ್ಕಂಗಂತೂ ಬ್ಯಾಡವೇ ಬ್ಯಾಡ.”

ಅಕ್ಕ ಅವತ್ತು ಎರಡು ಸಲ ಹಾಕಿಸಿಕೊಂಡು ಉಂಡಳು, ಉಂಡದ್ದು ಒಳಗೇ ನಿಂತಿತು. ಮರುದಿನ ಮುದ್ದೆಯೂ ಸೇರಿತು. ಗಂಡುಮೀನೇ ಸಿಕ್ಕಿತೆಂದು ನಂಬಿದ ಅಜ್ಜಿ ಗಂಗಮ್ಮನಿಗೆ ಹಣ್ಣುಕಾಯಿ ಮಾಡಿಸಿದಳು, ಅಪ್ಪ ಆ ಪ್ರಸಾದ ಕೈಯಲ್ಲಿ ಹಿಡಿದು ತಿನ್ನಲಾರದೆ ನಿಂತಿದ್ದ. ಆಮೇಲಿನ ಎರಡು ತಿಂಗಳೂ ಹೆದರಿಕೆಯಲ್ಲೇ ಕಳೆದವು. ಅಕ್ಕ ಸೊಂಟ ಹಿಡಿದುಕೊಂಡರೆ ಅಪ್ಪ ನನ್ನ ಮುಖ ನೋಡುತ್ತಿದ್ದ, ನಾನು ಅವನ ಮುಖ ನೋಡುತ್ತಿದ್ದೆ. ಗೌರಿಹಬ್ಬ ಕಳೆದು ನಾಲ್ಕನೇ ದಿನ ಅಕ್ಕ ಗಂಡುಕೂಸು ಹೆತ್ತಳು. ಕೂಸು ಅತ್ತಿತು. ಇಬ್ಬರೂ ಉಳಿದರು. ಅಪ್ಪನ ಭಯ ಮಾತ್ರ ತೀರಲಿಲ್ಲ. ಆ ಹುಡುಗನಿಗೆ ನೆಗಡಿಯಾದರೂ ಸಾಕು, ಅಪ್ಪ ನನ್ನತ್ತ ತಿರುಗುತ್ತಿದ್ದ. ನೀರು ಬಂದು ಊರು ಬಿಟ್ಟು ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿಕೊಂಡ ಮೇಲೂ ಹಾಗೆಯೇ. ಅಪ್ಪ ತಾನು ಸಾಯುವ ದಿನವೂ ಅವನನ್ನು ಹತ್ತಿರ ಕರೆಸಿ, ಹಣೆ ಮುಟ್ಟಿ ಜ್ವರ ನೋಡಿದ. ಆಗ ಆ ಹುಡುಗ ಮೀಸೆ ಬಂದ ಆಳು.

ತುಂಬ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಹಿನ್ನೀರಿನ ದಡದಲ್ಲಿ ಇಬ್ಬರೇ ಕೂತಿದ್ದಾಗ, ತಡೆಯಲಾರದೆ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬೆಚ್ಚಿಬೀಳಲಿಲ್ಲ.

“ನಂಗೆ ಅವತ್ತೇ ಗೊತ್ತಾಗಿತ್ತು ಕಣೆ. ಒಂದು ಹೋಳಿನ ಒಳಗಡೆ ಅವರೆಕಾಳಿನಷ್ಟು ಮೊಟ್ಟೆ ಅಂಟ್ಕಂಡಿತ್ತು. ಅಪ್ಪ ಎದುರಿಗೇ ಕುಂತಿದ್ದ. ನುಂಗಿಬಿಟ್ಟೆ.”

ಅವಳೂ ಎರಡು ತಿಂಗಳು ಒಬ್ಬಳೇ ಹೆದರಿದ್ದಳಂತೆ. ಅಪ್ಪನಿಗಾದರೂ ಹೇಳಬಾರದಿತ್ತೇ ಅಂದೆ.

“ಹೇಳಿದ್ರೆ ಉಣ್ಣೋ ತಣಿಗೆ ಕಿತ್ಕಳ್ಳೋನು,” ಅಂದಳು. “ನಂಗೆ ಹಸಿವಾಗಿತ್ತು.”

ಅಪ್ಪ ಹೋಗಿ ಆಗಲೇ ಹನ್ನೆರಡು ವರ್ಷವಾಗಿತ್ತು.