ಮಾವನ ದವಡೆ ಹಲ್ಲು

ಇವತ್ತು ಬೆಳಿಗ್ಗೆ ಚಳ್ಳಕೆರೆಯ ನನ್ನ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯಿತು. ಕಟ್ಟೆಯ ಮೇಲೆ ಮೊಳಕಾಲ್ಮೂರಿನ ನನ್ನ ಸೋದರಮಾವ ಕೂತಿದ್ದರು, ಜೇಬಿನ ತುಂಬ ಶೇಂಗಾ. ಹಲ್ಲಿನ ಡಾಕ್ಟರ ಹತ್ತಿರ ಯಾರಾದರೂ ಶೇಂಗಾ ತರುತ್ತಾರೆಯೇ ಎಂದು ನೀವು ನಗಬಹುದು. ಆ ಚಾಳಿ ನಾವೇ ಹತ್ತಿಸಿದ್ದು.

ನಾನು ದಂತ ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದಾಗ ಒಬ್ಬ ಮೇಷ್ಟ್ರು ರೋಗಿಯ ಬಾಯಿ ತೆರೆಸಲು ನಮ್ಮನ್ನು ಬಿಡುತ್ತಲೇ ಇರಲಿಲ್ಲ. ಮೊದಲು ಕೈಗೆ ಒಂದಿಷ್ಟು ಶೇಂಗಾ ಕೊಟ್ಟು, ಯಾವ ಕಡೆ ಅಗಿಯುತ್ತಾರೆ, ಎಲ್ಲಿ ಮುಖ ಕಿವುಚುತ್ತಾರೆ ನೋಡಬೇಕು. ಆಮೇಲೆ ಕೂತು ಕೇಳಬೇಕು. "ಬ್ಯಾಟರಿ ಬಿಟ್ರೆ ತೂತು ಕಾಣ್ತೈತೆ ಕಣಮ್ಮಾ, ಕಾರಣ ಕಾಣಲ್ಲ" ಎನ್ನುತ್ತಿದ್ದರು.

ಹೀಗಾಗಿ ಮದುವೆಮನೆಗಳಲ್ಲಿ ನಾನು ಉಣ್ಣುವುದನ್ನೇ ಮರೆತೆ. ಎದುರು ಪಂಕ್ತಿಯಲ್ಲಿ ಒಂದೇ ಕಡೆ ಅಗಿಯುವವರನ್ನು ಹುಡುಕುತ್ತಾ ಕೂರುತ್ತಿದ್ದೆ. ವಿದ್ಯೆಯ ಮೇಲಿನ ಪ್ರೀತಿ ಎಂದುಕೊಳ್ಳಬೇಡಿ. ಪರೀಕ್ಷೆಗೆ ಕೂರಲು ಇಷ್ಟು ಹಲ್ಲು ಕಿತ್ತಿರಬೇಕೆಂಬ ನಿಯಮವಿತ್ತು, ನನಗೆ ಒಂದೇ ಒಂದು ಹಲ್ಲು ಕಡಿಮೆ ಬಿದ್ದಿತ್ತು. ಅದು ಸಿಗದಿದ್ದರೆ ಮುಂದಿನ ಪರೀಕ್ಷೆಯವರೆಗೆ ಆರು ತಿಂಗಳು ಮನೆಯಲ್ಲಿ.

ಅಂಥ ಹೊತ್ತಿಗೆ ಮಾವನ ಫೋನು. "ಅಮ್ಮಾಯಿ, ಎಡಗಡೆ ದವಡೆ ಸೆಳೀತೈತೆ, ಕಿತ್ತಾಕ್ತೀಯಾ?" ರೇಷ್ಮೆ ಸೀರೆ ಮಾರಲು ಆಂಧ್ರದ ಊರುಗಳನ್ನು ಸುತ್ತುವ ಅವರಿಗೆ ನಾನು ಯಾವಾಗಲೂ ತೆಲುಗಿನ ಅಮ್ಮಾಯಿಯೇ, ಅಂದರೆ ಹುಡುಗಿ. ಅವರ ನೋವು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಕಾಲೇಜಿನ ಆಸ್ಪತ್ರೆಯಲ್ಲಿ ನಾನು ಇಕ್ಕಳ ಹಿಡಿದೇ ನಿಂತಿದ್ದೆ. ಮೇಷ್ಟ್ರು ಕೊಟ್ಟ ಶೇಂಗಾವನ್ನು ಮಾವ ಎರಡೂ ಕಡೆ ಅಗಿದು ಮುಗಿಸಿ, ಇನ್ನಷ್ಟು ಕೇಳಿದರು. ನನ್ನ ಮುಖ ಸಪ್ಪಗಾಯಿತು.

"ಯಾವಾಗ ನೋಯ್ತೈತೆ ಮಾವ?"

"ಮೆಟ್ಲು ಹತ್ತಿದ್ರೆ ಶುರುವಾಗ್ತೈತೆ. ಕುಂತ್ರೆ ಹೋಗ್ತೈತೆ."

ನಾನು ಆಸೆ ಬಿಡದೆ ಬಾಯಿ ತೆರೆಸಿದೆ. ದವಡೆ ಹಲ್ಲಿನಲ್ಲೊಂದು ಕಪ್ಪು ಚುಕ್ಕೆ! "ಹುಳುಕು ಐತೆ ಸರ್!" ಎಂದು ಕೂಗಿದೆ.

"ನಿಮ್ಮ ಮಾವ ಮೆಟ್ಲು ಹತ್ತೋದು ಹಲ್ಲಿಂದಾನೇನಮ್ಮಾ?" ಎಂದರು ಮೇಷ್ಟ್ರು.

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಗಲು ಹೋಗಿ ಅರ್ಧಕ್ಕೇ ನಿಂತೆ. ಅಗಿದರೆ ಬಾರದ ನೋವು ಮೆಟ್ಟಿಲು ಹತ್ತಿದರೆ ಬರುತ್ತದೆ, ಕೂತರೆ ಹೋಗುತ್ತದೆ. "ಸರ್, ಇದು ಹಲ್ಲಿಂದಲ್ಲ, ಗುಂಡಿಗೇದು" ಎಂದೆ. ಮೇಷ್ಟ್ರು ಆಗಲೇ ಗಾಲಿಕುರ್ಚಿಗೆ ಹೇಳಿ ಕಳಿಸಿದ್ದರು.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ದೊಡ್ಡಾಸ್ಪತ್ರೆಯವರು ಅದನ್ನು ಸಮಯಕ್ಕೆ ಸರಿಯಾಗಿ ತೆರೆದರು, ಮಾವ ಉಳಿದರು. ನಾನು ಆರು ತಿಂಗಳು ಮನೆಯಲ್ಲಿ ಕೂತೆ. ಆ ಹುಳುಕು ತುಂಬಿಸಿಕೊಳ್ಳಿ ಎಂದು ಎಷ್ಟು ಕರೆದರೂ ಮಾವ ಇಷ್ಟು ವರ್ಷ ಬರಲೇ ಇಲ್ಲ. ನಾನೋ, ಕೀಳದೆ ಬಿಟ್ಟ ಆ ಹಲ್ಲಿನ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿ ಮೆರೆಯುತ್ತಿದ್ದೆ.

ಇವತ್ತು ಮಾವ ತಾವಾಗಿಯೇ ಶೇಂಗಾ ಬಾಯಿಗೆ ಹಾಕಿಕೊಂಡರು. ಎಡಗಡೆ ಕಚ್ಚಿದ್ದೇ "ಅಯ್ಯಪ್ಪಾ!" ಎಂದು ಕೆನ್ನೆ ಹಿಡಿದುಕೊಂಡರು.

"ಮೆಟ್ಲು ಹತ್ತಿದ್ರೆ?" ಎಂದೆ.

"ಏನೂ ಇಲ್ಲ. ಬೆಟ್ಟ ಬೇಕಾದ್ರೂ ಹತ್ತುತೀನಿ."

ಆಗಷ್ಟೇ ಬಾಯಿ ತೆರೆಸಿದೆ. ಅದೇ ಹಲ್ಲು, ಬುಡದವರೆಗೂ ಟೊಳ್ಳು. ಅವರ ಹೃದಯದ ವೈದ್ಯರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಮರಗಟ್ಟಿಸುವ ಸೂಜಿ ಕೊಟ್ಟೆ. ಇಕ್ಕಳ ಹಿಡಿದ ಮೇಲೆ ಯಾಕೋ ಕೈ ಮುಂದೆ ಹೋಗಲಿಲ್ಲ. ಈ ಹಲ್ಲನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಕಣ್ಣು ತುಂಬಿತು.

ಮಾವ ಮರಗಟ್ಟಿದ ಬಾಯಲ್ಲೇ ನಕ್ಕರು. "ಕೀಳು ಅಮ್ಮಾಯಿ. ಕಾಲೇಜಲ್ಲಿ ಒಂದು ಕಮ್ಮಿ ಬಿದ್ದಿತ್ತಲ್ಲ, ಅದಕ್ಕೇ ಜೋಪಾನ ಮಾಡಿಟ್ಟಿದ್ದೆ."