ಎಣಿಕೆ ಮುಗಿಯೋವರೆಗೂ ಆ ಕುರ್ಚಿ

ಕನ್ನಡ ನಾನು ಕಲಿತದ್ದು ಅಂಕಲ್‌ಗಳನ್ನು ಅಣಕಿಸುತ್ತಾ. ಶಿಕಾಗೋ ಪಕ್ಕದ ನಮ್ಮ ಮನೆಗೆ ಬರುತ್ತಿದ್ದವರಲ್ಲಿ ಒಬ್ಬರು ಮಾತಿಗೆ ಮುಂಚೆ ಕೆಮ್ಮುತ್ತಿದ್ದರು. ಇನ್ನೊಬ್ಬರು ಧಾರವಾಡದವರು, ಪ್ರತಿ ಮಾತಿಗೂ 'ಹೌದಿಲ್ಲೋ?' ಅಂತ ಮೊಳೆ ಹೊಡೆಯುತ್ತಿದ್ದರು. ಅವರು ಹೊರಟ ಮೇಲೆ ನಾನು ಅವರಾಗುತ್ತಿದ್ದೆ, ಅಮ್ಮ ನಗುತ್ತಿದ್ದಳು. ಕೆಲಸ ಸಿಕ್ಕಿ ಮಿಶಿಗನ್‌ನ ಆಬರ್ನ್ ಹಿಲ್ಸ್‌ಗೆ ಒಬ್ಬನೇ ಬಂದ ಮೇಲೆ ಅಣಕಿಸೋಕೆ ಉಳಿದಿದ್ದು ನನ್ನ ಮೈಕ್ರೋವೇವ್ ಒಂದೇ. ಅದರ ಕೂಗು ಚೆನ್ನಾಗೇ ಮಾಡುತ್ತೇನೆ, ಕೇಳುವವರಿರಲಿಲ್ಲ.

ಆ ವರ್ಷ ಗವರ್ನರ್ ಚುನಾವಣೆ. ದೇವಸ್ಥಾನದಲ್ಲಿ ಪರಿಚಯವಾಗಿದ್ದ ಆಂಟಿಯೊಬ್ಬರಿಗೆ ಅದು ಅಮೆರಿಕದಲ್ಲಿ ಮೊದಲ ವೋಟು. ಪಕ್ಕದೂರು ಟ್ರಾಯ್‌ನಲ್ಲಿ ಒಬ್ಬರೇ ಇದ್ದರು. ಡ್ರೈವ್ ಮಾಡುತ್ತಿದ್ದ ಅವರ ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ನಾನು ಕರೆದುಕೊಂಡು ಹೋಗಿ ವೋಟು ಹಾಕಿಸಿ ಮನೆಗೆ ತಂದು ಬಿಟ್ಟೆ. 'ಒಳಗೆ ಬಾಪ್ಪಾ, ಸಾರಿದೆ' ಅಂದರು.

ಟಿವಿಯಲ್ಲಿ ಎಣಿಕೆ ಶುರುವಾಗಿತ್ತು; ಆಂಟಿಯ ಕ್ಯಾಂಡಿಡೇಟ್ ಹಿಂದೆ. ಕಿಟಕಿ ಪಕ್ಕದ ಒರಗು ಕುರ್ಚಿಯ ಮೇಲೆ ಒಂದು ಶಾಲು ಮಡಿಸಿಟ್ಟಿತ್ತು. ಅದನ್ನು ಎತ್ತಿಟ್ಟು, ತಟ್ಟೆ ಹಿಡಿದು ಕೂತೆ. ಆಂಟಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಕಿ ಬದಲಾಯಿತು. ಅವರ ಕ್ಯಾಂಡಿಡೇಟ್ ಮುಂದೆ!

'ಏಳ್ಬೇಡ! ಅಲ್ಲೇ ಕೂತಿರು!'

ನೀರಿಗೂ ಏಳಲು ಬಿಡಲಿಲ್ಲ. 'ಕ್ರಿಕೆಟ್ ನೋಡುವಾಗ ನಮ್ಮನೇಲಿ ಯಾರೂ ಜಾಗ ಬದಲಾಯಿಸ್ತಿರಲಿಲ್ಲ. ವಿಕೆಟ್ ಬಿದ್ದೋಗತ್ತೆ.'

'ಆಂಟಿ, ಇದು ಮಿಶಿಗನ್. ಇಲ್ಲಿ ವಿಕೆಟ್ ಇಲ್ಲ.'

'ಬಾಯಿ ಮುಚ್ಕೊಂಡು ಮೊಸರನ್ನ ತಿನ್ನು.'

ಅಂತರ ಕೂದಲೆಳೆಯಷ್ಟು. ಎಣಿಕೆ ಅವತ್ತು ಮುಗಿಯಲಿಲ್ಲ, ಮರುದಿನವೂ ಮುಗಿಯಲಿಲ್ಲ. ಆಫೀಸಿನಿಂದ ಹೊರಡುವ ಹೊತ್ತಿಗೆ ಸರಿಯಾಗಿ ಫೋನ್: 'ನೀನು ಎದ್ದು ಹೋದ್ಯಲ್ಲ, ಲೀಡ್ ಕಡಿಮೆ ಆಗ್ತಿದೆ. ಬಂದು ಕೂತ್ಕೋ.' ಆ ವಾರವೆಲ್ಲ ರಾಜ್ಯದ ಭವಿಷ್ಯ ನನ್ನ ಅಂಡಿನ ಮೇಲೆ ನಿಂತಿತ್ತು. ಟಿವಿಯವರು ಮ್ಯಾಪ್ ತಟ್ಟಿ ತಟ್ಟಿ ಹೇಳಿದ್ದನ್ನು ನಾನು ಧಾರವಾಡದ ಅಂಕಲ್ ಧ್ವನಿಯಲ್ಲಿ ಒಪ್ಪಿಸುತ್ತಿದ್ದೆ: 'ಡೆಟ್ರಾಯಿಟ್ ಪೆಟ್ಟಿಗಿ ಇನ್ನೂ ತೆಗದಿಲ್ರೀ, ಹೌದಿಲ್ಲೋ?' ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವರನ್ನೇ ಅಣಕಿಸಿದರೆ ಸೌಟು ತೋರಿಸುತ್ತಿದ್ದರು. ಒಂದು ಸಂಜೆ ಮಾತ್ರ ಕುರ್ಚಿಯ ಕೈ ಸವರಿ, 'ಅವರು ಹೋದ್ಮೇಲೆ ಇದರಲ್ಲಿ ಯಾರೂ ಕೂತಿರಲಿಲ್ಲ' ಅಂದರು. ಅವತ್ತು ನಾನು ಯಾರನ್ನೂ ಅಣಕಿಸಲಿಲ್ಲ.

ನಮ್ಮವರು ಗೆಲ್ಲಲಿ, ಆದರೆ ಬೇಗ ಬೇಡ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಗೆದ್ದರು. ಸೋತವರು ಟಿವಿಗೆ ಬಂದು ಸೋಲು ಒಪ್ಪಿಕೊಂಡರು, ಮರುಎಣಿಕೆ ಕೇಳುವುದಿಲ್ಲ ಅಂದರು. ಆಂಟಿ ಪಾಯಸ ಕೊಟ್ಟು ಟಿವಿ ಆರಿಸಿದರು. ಮನೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು.

'ಇನ್ಮೇಲೆ ನಿಂಗೂ ತೊಂದರೆ ಇಲ್ಲ ಬಿಡು' ಅಂದರು ಬಾಗಿಲಲ್ಲಿ.

'ಹೌದು ಆಂಟಿ' ಅಂದೆ, ನನ್ನದೇ ಧ್ವನಿಯಲ್ಲಿ. ನಾನು ಮಾಡುವ ಅಣಕುಗಳಲ್ಲೆಲ್ಲ ಅದೇ ಕಳಪೆ.

ಮರುದಿನ ಸಂಜೆ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ಸ್ಟಾರ್ಟ್ ಮಾಡದೆ ಕೂತಿದ್ದೆ. ಫೋನ್ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಕೊನೆಗೆ ಒಮ್ಮೆ ಕೆಮ್ಮಿ, ನಾನೇ ಫೋನ್ ಮಾಡಿದೆ. ಟಿವಿಯವರ ಗತ್ತಿನಲ್ಲಿ, 'ಈಗ ಬಂದ ಸುದ್ದಿ. ಮರುಎಣಿಕೆ ಆಗಬೇಕಂತೆ' ಅಂದೆ.

ಮರುಎಣಿಕೆ ಕೇಳುವುದಿಲ್ಲ ಅಂತ ಸೋತವರು ಹೇಳಿದ್ದನ್ನು ಆಂಟಿ ಹಿಂದಿನ ದಿನ ನನ್ನ ಪಕ್ಕದಲ್ಲೇ ಕೂತು ಕೇಳಿದ್ದರು.

'ಹೌದಾ? ನಂಗೂ ಅನುಮಾನ ಇತ್ತು' ಅಂದರು. 'ಶಾಲು ಎತ್ತಿಡ್ತೀನಿ. ಬಾ.'